ಕರೆಂಟ್ ಅಳಿಲು ಸಿಕ್ಕ ಸಂಜೆ

ಶಂಕರಣ್ಣ, ಆ ಅಳಿಲು ನಿನ್ನ ಫೋನಿನಿಂದ ಓಡಿಹೋಗಲಿಲ್ಲ. ನಾನು ಅದನ್ನು ಕದ್ದೆ. ನಿನಗೆ ಸಿಕ್ಕಿದ್ದನ್ನು ನನ್ನ ಫೋನಿಗೆ ದಾಟಿಸಿಕೊಂಡು, ನಿನ್ನ ಮಂಚದ ಪಕ್ಕ ಬಂದು ಕುಳಿತು, ನಿನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ.

ಬರೆದು ನೋಡಿದರೆ ನನಗೇ ನಗು ಬರುವಂತಿದೆ. ಹೋಟೆಲೊಂದರಲ್ಲಿ ಅಕೌಂಟ್ಸ್ ನೋಡುವ, ತಲೆ ನರೆತ ಗಂಡಸು, ಫೋನಿನ ಆಟದೊಳಗಿನ ಒಂದು ಪ್ರಾಣಿಗಾಗಿ — ಬೇರೆ ಯಾರಾದರೂ ಓದಿದರೆ ಇಷ್ಟೇನಾ ಎಂದಾರು. ಇಷ್ಟೇ ಅಲ್ಲವೆಂದು ಗೊತ್ತಿರುವುದು ನಿನಗೆ, ನಿನ್ನ ಮನೆಯಾಕೆ ಸುಮಿತ್ರಾ ವೈನಿಗೆ ಮತ್ತು ನನಗೆ. ಅದರಲ್ಲೂ ಪೂರ್ತಿ ಗೊತ್ತಿರುವುದು ನನಗೊಬ್ಬನಿಗೇ. ಮನೆಯಲ್ಲಿ ಹೆಂಡತಿಗೂ ಹೇಳಿಲ್ಲ. ಒಬ್ಬನೇ ಇಟ್ಟುಕೊಂಡು ಸಾಕಾಗಿ ಹೋಗಿದೆ.

ಇಬ್ಬರಿಗೂ ಸಕ್ಕರೆ ಕಾಯಿಲೆ ಶುರುವಾದಾಗ ಡಾಕ್ಟರು ದಿನಾ ನಡೆಯಿರಿ ಎಂದರು. ಆಂಟಾಪ್ ಹಿಲ್‌ನ ನಮ್ಮ ಕಾಲೊನಿಯನ್ನೇ ಎಷ್ಟು ಸಲ ಸುತ್ತುವುದು? ಬೇಸರ ಮೊದಲು ಬಂದದ್ದು ನಿನಗೆ, ಆಟವನ್ನು ಹುಡುಕಿದ್ದೂ ನೀನೇ. ಫೋನು ಹಿಡಿದು ರಸ್ತೆಯಲ್ಲಿ ನಡೆದರೆ ಪರದೆಯ ಮೇಲೆ ಅಲ್ಲಲ್ಲಿ ವಿಚಿತ್ರ ಪ್ರಾಣಿಗಳು ಕಾಣಿಸಿಕೊಳ್ಳುತ್ತವೆ. ಬೆರಳಿನಿಂದ ಚೆಂಡು ಎಸೆದು ಹಿಡಿಯಬೇಕು. ಕೆಲವು ಸಿಗುತ್ತವೆ, ಕೆಲವು ಚೆಂಡಿನಿಂದ ಹೊರಬಿದ್ದು ಓಡಿಹೋಗುತ್ತವೆ. ಧಾರವಾಡದಿಂದ ಬಂದು ಮುಂಬೈಯಲ್ಲಿ ಮುದುಕರಾಗುತ್ತಿದ್ದ ನಾವಿಬ್ಬರು ವಡಾಳಾ ಸ್ಟೇಷನ್ನಿನ ಹೊರಗೆ ಫೋನು ಎತ್ತಿ ಹಿಡಿದು "ಸಿಕ್ತು, ಸಿಕ್ತು" ಎಂದು ಕೂಗುವುದನ್ನು ಕಂಡ ಕಾಲೊನಿಯ ಹೆಂಗಸರು, ಇವರಿಗೆ ಏನಾಗಿದೆ ಎಂದು ವೈನಿಯನ್ನೇ ವಿಚಾರಿಸಿದ್ದರಂತೆ.

ಆಟದಲ್ಲೂ ನೀನೇ ಮುಂದೆ. ಕೇರಂನಲ್ಲಿ, ಇಸ್ಪೀಟಿನಲ್ಲಿ, ಕನ್ನಡ ಸಂಘದ ನಾಟಕದಲ್ಲಿ ಒಳ್ಳೆಯ ಪಾತ್ರ ಗಿಟ್ಟಿಸುವುದರಲ್ಲಿ — ಎಲ್ಲದರಲ್ಲೂ. ನಾನು ನಿನ್ನ ಹಿಂದೆ ನಗುತ್ತಾ ಬರುವವನು. ಆ ನಗುವಿನ ಕೆಳಗೆ ಹೊಟ್ಟೆಕಿಚ್ಚು ಕೂತಿತ್ತೆಂದು ಆಗ ನನಗೂ ಗೊತ್ತಿರಲಿಲ್ಲ.

ನೀನು ಹಟ ಹಿಡಿದದ್ದು ಒಂದೇ ಪ್ರಾಣಿಗೆ. ಅದರ ಪರದೇಶಿ ಹೆಸರು ನಿನ್ನ ಬಾಯಲ್ಲಿ ಒಮ್ಮೆಯೂ ಸರಿಯಾಗಿ ಹೊರಳಲಿಲ್ಲ. ವಿದ್ಯುತ್ ಕಂಪನಿಯಲ್ಲಿ ಜೀವ ಸವೆಸಿದವನು ನೀನು, ಅದಕ್ಕೆ 'ಕರೆಂಟ್ ಅಳಿಲು' ಎಂದು ನೀನೇ ನಾಮಕರಣ ಮಾಡಿದೆ. ಬಿಳಿ ಹೊಟ್ಟೆ, ಕೆನ್ನೆಯಲ್ಲಿ ಕಿಡಿ, ಕೈಯಿಂದ ಕಾಲಿನವರೆಗೆ ಹಳದಿ ಪೊರೆ. ಅದನ್ನು ಅಗಲಿಸಿ ಮರದಿಂದ ಮರಕ್ಕೆ ತೇಲಿ ಹೋಗುತ್ತದೆ. ಆಗ ಅದು ಬಹಳ ಅಪರೂಪ. ಗುಡುಗು ಮಳೆಯ ದಿನ ಮಾತ್ರ ಬರುತ್ತದೆ, ಅದೂ ಎಲ್ಲರಿಗಲ್ಲ ಎನ್ನುತ್ತಿದ್ದರು.

ಆಮೇಲೆ ನಿನಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಹೋದವು. ನಿಮ್ಮದು ಮೂರನೆಯ ಮಹಡಿ, ಬಿಲ್ಡಿಂಗಿಗೆ ಲಿಫ್ಟ್ ಇಲ್ಲ. ಆಸ್ಪತ್ರೆಯಿಂದ ಬಂದ ದಿನ ನಾವು ನಾಲ್ಕು ಜನ ನಿನ್ನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತರುವಾಗ ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದು ಜನ ನಿಂತರು. ಅಯ್ಯೋ ಪಾಪ ಎಂದರು. ನೀನು ಕಣ್ಣು ಮುಚ್ಚಿಕೊಂಡೆ. ಆಮೇಲೆ ಕೆಳಗೆ ಹೋಗೋಣ, ಸ್ವಲ್ಪ ಗಾಳಿಗೆ ಕೂರು ಎಂದು ಡಾಕ್ಟರೂ ಹೇಳಿದರು, ನಾವೂ ಹೇಳಿದೆವು.

"ಹೊತ್ಕೊಂಡ ಇಳಸೂದು ಹೆಣಾನ, ಗುರ್ಯಾ. ಇನ್ನ ಇಳದ್ರ ಹಂಗ ಇಳೀತೀನಿ."

ಅಡುಗೆಮನೆಯಲ್ಲಿ ವೈನಿ ಇದನ್ನು ಕೇಳಿಸಿಕೊಂಡು ನಲ್ಲಿ ತಿರುಗಿಸಿ ಬಿಟ್ಟರು, ಅಳು ಕೇಳಬಾರದೆಂದು.

ಈ ಆಟ ಆಡುವವರಲ್ಲಿ ಒಂದು ರೂಢಿಯಿದೆ. ನಡೆಯಲಾಗದವನ ಫೋನನ್ನು ನಡೆಯಬಲ್ಲ ಗೆಳೆಯ ಹೊತ್ತು ತಿರುಗುತ್ತಾನೆ, ಅವನ ಪರವಾಗಿ ಹಿಡಿಯುತ್ತಾನೆ. ಹಾಗೆ ದಿನಾ ಬೆಳಿಗ್ಗೆ ನಿನ್ನ ಫೋನು ನನ್ನ ಜೊತೆ ಸಾಂತಾಕ್ರೂಜಿನ ನನ್ನ ಹೋಟೆಲಿಗೆ ಹೋಗತೊಡಗಿತು. ಸಂಜೆ ತಂದುಕೊಟ್ಟರೆ, "ಇವತ್ತ ಯಾರ್ಯಾರ ಬಂದಾರ?" ಎಂದು ನೀನು ಮನೆಗೆ ನೆಂಟರು ಬಂದಂತೆ ಕೇಳುತ್ತಿದ್ದೆ. ಬಲಗೈಯಿಂದ ಒಂದೊಂದನ್ನೇ ಸರಿಸಿ ನೋಡುತ್ತಿದ್ದೆ. ನಿನ್ನ ಇಡೀ ದಿನದಲ್ಲಿ ಕಾಯುವಂಥದ್ದು ಅದೊಂದೇ ಇತ್ತು.

ಒಂದು ಸಂಜೆ ನೀನು ಕರೆಂಟ್ ಅಳಿಲಿನ ಚಿತ್ರ ನೋಡುತ್ತಾ ಹೇಳಿದೆ: "ನೋಡೋ, ನೆಲಕ್ಕ ಕಾಲ ಊರದ ಊರ ಸುತ್ತತದ ಮಗಂದು. ಅದೊಂದ ಸಿಗಲಿ. ಸಿಕ್ಕ ದಿನ ನಾನ ಕುರ್ಚ್ಯಾಗ ಕೂಡ್ತೀನಿ, ಹೊತ್ಕೊಂಡ ನಡೀರಿ. ಯಾರ ಬೇಕಾದ್ರೂ ನೋಡ್ಲಿ."

ನಗುತ್ತಲೇ ಹೇಳಿದ್ದೆ. ಆದರೆ ಚಹಾ ತರುತ್ತಿದ್ದ ವೈನಿ ಅಲ್ಲೇ ನಿಂತುಬಿಟ್ಟರು. ನಾನು ಹೊರಟಾಗ ಮೆಟ್ಟಿಲವರೆಗೆ ಬಂದು, "ಗುರುರಾಜ, ಅವರು ಸುಮ್ನ ಅಂದಿಲ್ಲ. ಏನರೆ ಮಾಡಿ ಅದನ್ನ ಹಿಡೀರಿ" ಎಂದರು. ಅಷ್ಟು ತಿಂಗಳಲ್ಲಿ ನೀನು ಕೆಳಗಿಳಿಯುವ ಮಾತನ್ನು ನೀನಾಗಿ ಆಡಿದ್ದು ಅದೇ ಮೊದಲು.

ಜುಲೈನ ಮಳೆ. ಹೋಟೆಲಿನಲ್ಲಿ ಆಡಿಟ್ ನಡೆದಿತ್ತು, ಮ್ಯಾನೇಜರ್ ಎಲ್ಲರ ಎದುರು ನನ್ನನ್ನು ಝಾಡಿಸಿದ್ದ. ಹಾರ್ಬರ್ ಲೈನಿನ ಲೋಕಲ್ ಗಾಡಿಗಳು ತಡ. ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಸಾಂತಾಕ್ರೂಜ್ ಸ್ಟೇಷನ್ನಿಗೆ ಬರುವ ದಾರಿಯ ದೊಡ್ಡ ಮರದ ಕೆಳಗೆ ಎರಡೂ ಫೋನುಗಳು ಒಟ್ಟಿಗೆ ನಡುಗಿದವು. ಎರಡರಲ್ಲೂ ಅದೇ. ಕೆನ್ನೆಯಲ್ಲಿ ಕಿಡಿ, ಹಳದಿ ಪೊರೆ. ಛತ್ರಿಯನ್ನು ಕುತ್ತಿಗೆಗೆ ಸಿಕ್ಕಿಸಿಕೊಂಡು ಮೊದಲು ನಿನ್ನ ಫೋನಿನಲ್ಲಿ ಎಸೆದೆ. ಒಂದೇ ಎಸೆತಕ್ಕೆ ಸಿಕ್ಕಿತು. ಆಮೇಲೆ ನನ್ನದರಲ್ಲಿ ಎಸೆದೆ — ಹೊರಬಂತು. ಮತ್ತೆ ಎಸೆದೆ, ಮತ್ತೆ ಹೊರಬಂದು ಓಡಿಹೋಯಿತು. ಓಡಿಹೋದದ್ದು ನನ್ನದು, ಶಂಕರಣ್ಣ.

ಆಗ ಖುಷಿಪಡಬೇಕಿತ್ತು. ನಿನಗೆ ಫೋನ್ ಮಾಡಲು ನಿನ್ನ ಫೋನು ನನ್ನ ಕೈಯಲ್ಲೇ ಇತ್ತು, ಆದರೆ ವೈನಿಗೆ ಮಾಡಬಹುದಿತ್ತು. ಮಾಡಲಿಲ್ಲ. ತೊಯ್ದದ್ದು ನಾನು, ಬೈಸಿಕೊಂಡದ್ದು ನಾನು, ಕಾಲು ನೋಯುತ್ತಿದ್ದದ್ದು ನನ್ನದು — ಅಳಿಲು ಮಾತ್ರ ನಿನ್ನದು. ಮಲಗಿದಲ್ಲಿಂದಲೇ ಮತ್ತೆ ಗೆದ್ದುಬಿಟ್ಟ ಎನಿಸಿತು. ಎಂಥ ಮಾತು! ಯಾರ ಬಗ್ಗೆ ಅನಿಸಬಾರದೋ ಅವನ ಬಗ್ಗೆಯೇ ಅನಿಸಿತು.

ಇಬ್ಬರು ಆಟಗಾರರು ಅಕ್ಕಪಕ್ಕ ಇದ್ದರೆ ಪ್ರಾಣಿಗಳನ್ನು ಅದಲುಬದಲು ಮಾಡಿಕೊಳ್ಳಬಹುದು. ಇಬ್ಬರೂ ಒಪ್ಪಿ ಒತ್ತಬೇಕು, ಅಷ್ಟೇ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಎರಡೂ ಫೋನುಗಳನ್ನು ತೊಡೆಯ ಮೇಲಿಟ್ಟುಕೊಂಡು, ನಿನ್ನ ಪರವಾಗಿ ನಾನೇ ಒಪ್ಪಿದೆ, ನನ್ನ ಪರವಾಗಿಯೂ ನಾನೇ ಒಪ್ಪಿದೆ. ಬದಲಿಗೆ ನಿನಗೊಂದು ಪಾರಿವಾಳ ಕೊಟ್ಟೆ. ಅಂಥ ಪಾರಿವಾಳಗಳು ನಿನ್ನ ಬಳಿ ರಾಶಿ ಬಿದ್ದಿದ್ದವು, ಇನ್ನೊಂದು ಹೆಚ್ಚಾದದ್ದು ತಿಳಿಯುವಂತಿರಲಿಲ್ಲ.

ವಡಾಳಾ ಬರುವವರೆಗೆ ನಿನ್ನ ಮಾತು ನನಗೆ ನೆನಪಿರಲಿಲ್ಲ ಎಂದು ಈಗ ಹೇಳಬಹುದು. ಆದರೆ ನೆನಪಿತ್ತು. ಸಿಕ್ಕ ದಿನ ನೀನು ಇಳಿಯುತ್ತೀ ಎಂಬುದು, ವೈನಿ ಮೆಟ್ಟಿಲ ಮೇಲೆ ನಿಂತು ಹೇಳಿದ್ದು, ಎಲ್ಲ ನೆನಪಿತ್ತು. ನಾಳೆ ಇನ್ನೊಂದು ಸಿಕ್ಕೀತು, ಒಂದೆರಡು ದಿನ ತಡವಾದರೆ ಏನಾದೀತು — ಹೀಗೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತಾ ಕಿಟಕಿಯ ಪಕ್ಕ ಕುಳಿತಿದ್ದೆ.

"ಬಂದಿತ್ತಣ್ಣ. ನಿಂದು ತಪ್ಪಿಸ್ಕೊಂಡ ಓಡಿಹೋತು. ನಂದಷ್ಟ ಸಿಕ್ತು" ಎಂದು ನಿನ್ನ ಮಂಚದ ಪಕ್ಕ ಕುಳಿತು ಹೇಳಿದೆ.

ನೀನು ತೋರಿಸು ಎಂದೆ. ತೋರಿಸಿದೆ. ನೀನು ಹೆಬ್ಬೆರಳಿನಿಂದ ಅದನ್ನು ಮುಟ್ಟಿ ತಿರುಗಿಸಿ ನೋಡಿದೆ. "ನಿನಗರೆ ಸಿಕ್ತಲ್ಲ, ಛಲೋ ಆತು. ಎಷ್ಟ ತೊಯ್ಸ್ಕೊಂಡ ಬಂದೀ ನೋಡು, ನಿಮ್ಮ ವೈನಿ ಕಡೆ ಟವೆಲ್ ಇಸ್ಕೊ."

ನಾನು ನಿಮ್ಮ ಮನೆಯ ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತಿದ್ದಾಗ ನೀನು ಗೋಡೆಯ ಕಡೆ ಹೊರಳಿ ಹೇಳಿದೆ: "ನಾ ಇಳೀಬಾರ್ದು ಅಂತ ಅದ, ಬಿಡು."

ಮರುದಿನ ಬೆಳಿಗ್ಗೆ ಫೋನು ಕೇಳಿದರೆ ಕೊಡಲಿಲ್ಲ. "ಬ್ಯಾಡೋ. ಇನ್ನ ಯಾಕ?"

ಆ ದಿನವೆಲ್ಲ ಆಫೀಸಿನಲ್ಲಿ ಕೂಡಲಾಗಲಿಲ್ಲ. ಸಂಜೆ ಬಂದು, ಏನೋ ರಿಪೇರಿಯ ನೆವ ಹೇಳಿ ನಿನ್ನ ಫೋನು ಇಸಿದುಕೊಂಡೆ. ಅಳಿಲನ್ನು ವಾಪಸು ದಾಟಿಸಿ, ಅದು ಹೋಗೇ ಇರಲಿಲ್ಲ, ನಾನೇ ಸರಿಯಾಗಿ ನೋಡಿರಲಿಲ್ಲ ಎಂದು ಹೇಳುವ ಎಣಿಕೆ. ಆಟ ಒಪ್ಪಲಿಲ್ಲ. ಒಮ್ಮೆ ಕೈ ಬದಲಿಸಿದ ಪ್ರಾಣಿ ಇನ್ನೊಮ್ಮೆ ಕೈ ಬದಲಿಸುವಂತಿಲ್ಲ — ಅದು ಆಟದ ನಿಯಮ. ನನಗೆ ಗೊತ್ತಿರಲಿಲ್ಲ. ನಿಮ್ಮ ಬಾಲ್ಕನಿಯಲ್ಲಿ ನಿಂತು ಒತ್ತಿಯೇ ಒತ್ತಿದೆ. ಕೊಡಲು ಉಳಿದದ್ದು ನಿಜವೊಂದೇ. ಅದನ್ನು ಹೇಳಲೆಂದೇ ಒಳಗೆ ಬಂದೆ. ವೈನಿ ಉಪ್ಪಿಟ್ಟಿನ ತಟ್ಟೆ ಕೈಗಿಟ್ಟರು. ತಿಂದು ಮನೆಗೆ ಹೋದೆ.

ಆಮೇಲೆ ಬರುವುದೇ ಕಡಿಮೆಯಾಯಿತು. ಆಫೀಸು, ಸುಸ್ತು, ಗಾಡಿ ತಡ ಎಂದೆ. ಎದುರು ಬಿಲ್ಡಿಂಗಿನಲ್ಲೇ ಇರುವ ನನಗೆ ಗಾಡಿ ತಡವಾದರೇನು, ಮೂರು ಮಹಡಿ ಹತ್ತಲು? ನೀನು ಕಿಟಕಿಯಲ್ಲಿ ಇರುತ್ತೀಯೆಂದು ಕಾಲೊನಿಯ ಹಿಂದಿನ ಗೇಟಿನಿಂದ ಒಳಗೆ ಬರತೊಡಗಿದೆ. ಅಳಿಲು ಕದ್ದದ್ದು ಒಂದು ಗಳಿಗೆಯ ಕೆಲಸ. ಇದನ್ನು ವರ್ಷಗಟ್ಟಲೆ ಮಾಡಿದೆ.

ಕೆಲವು ಕಾಲದ ಬಳಿಕ ಆಟದ ಕಂಪನಿಯವರು ಯಾವುದೋ ಹಬ್ಬದ ನೆಪದಲ್ಲಿ ಆ ಅಳಿಲನ್ನು ಎಲ್ಲ ಕಡೆ ಬಿಟ್ಟರು. ಈಗ ನಮ್ಮ ಗೇಟಿನ ಬಳಿಯೇ ಸಿಗುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಒಂದು ದಿನ ಬಂದು, ಈಗ ಬಹಳ ಬರುತ್ತವೆ, ನಿನಗೊಂದು ಹಿಡಿದುಕೊಡಲೇ ಎಂದು ಕೇಳಿದ್ದೆ. "ಹೌದೇನು?" ಎಂದೆ ನೀನು. ಆಟವನ್ನು ಎಂದೋ ನಿನ್ನ ಫೋನಿನಿಂದ ತೆಗೆದುಹಾಕಿದ್ದೆ. ಪೇಪರು ಎತ್ತಿಕೊಡು ಎಂದೆ.

ಈಗ ನಿಮ್ಮ ಬಿಲ್ಡಿಂಗು ಕೆಡವಿ ಹೊಸದು ಕಟ್ಟುತ್ತಾರಂತೆ. ಎಲ್ಲರೂ ಖಾಲಿ ಮಾಡುತ್ತಿದ್ದಾರೆ. ನಿಮ್ಮದು ರವಿವಾರ. ನಿನ್ನೆ ವೈನಿ ಫೋನ್ ಮಾಡಿದ್ದರು: "ಕುರ್ಚಿ ಹಿಡೀಲಿಕ್ಕೆ ನೀವೂ ಬರ್ರಿ, ಗುರುರಾಜ. ನಿಮ್ಮ ಕೈ ಇದ್ರ ಅವರಿಗೆ ಧೈರ್ಯ." ಬರುತ್ತೇನೆ ಎಂದುಬಿಟ್ಟೆ. ಅಂದರೆ ಕೊನೆಗೂ ನೀನು ಇಳಿಯುತ್ತಿದ್ದೀ. ಕಪಾಟು, ಸಿಲಿಂಡರು, ಹಾಸಿಗೆಗಳ ಜೊತೆ — ಬಿಲ್ಡರನಿಗೆ ಜಾಗ ಬೇಕಾಗಿದೆ ಎಂದು. ನೀನೇ ಮನಸ್ಸು ಮಾಡಿ, ಯಾರ ಬೇಕಾದ್ರೂ ನೋಡ್ಲಿ ಎಂದು ನಗುತ್ತಾ ಇಳಿಯಬೇಕಿದ್ದ ದಿನವೊಂದಿತ್ತು. ಅದು ನನ್ನ ಜೇಬಿನಲ್ಲಿ ಹೋಯಿತು.

ಅಳಿಲು ಇನ್ನೂ ನನ್ನ ಫೋನಿನಲ್ಲಿದೆ. ಅಳಿಸಿಬಿಟ್ಟರೆ ಯಾರಿಗೂ ಏನೂ ತಿಳಿಯದು. ನಿನ್ನೆ ರಾತ್ರಿ ಬೆರಳು ಅಲ್ಲಿಗೆ ಹೋಗಿತ್ತು ಕೂಡ. ಒತ್ತಲಿಲ್ಲ. ನಾನು ಒಳ್ಳೆಯವನಾದೆ ಎಂದಲ್ಲ — ಮುಚ್ಚಿಟ್ಟೂ ಮುಚ್ಚಿಟ್ಟೂ ದಣಿದಿದ್ದೇನೆ.

ಶನಿವಾರ ಸಂಜೆ, ಮುಂದಿನ ಗೇಟಿನಿಂದಲೇ ಬರುತ್ತೇನೆ. ಇದನ್ನು ನಾನೇ ನಿನಗೆ ಓದಿ ಹೇಳುತ್ತೇನೆ, ವೈನಿಯೂ ಕೇಳಲಿ. ರವಿವಾರಕ್ಕೆ ನನ್ನ ಬದಲಿಗೆ ಇನ್ನೊಬ್ಬರನ್ನು ಗೊತ್ತು ಮಾಡಿಟ್ಟಿದ್ದೇನೆ. ಇಷ್ಟೆಲ್ಲ ಕೇಳಿದ ಮೇಲೂ ನೀನು ಕರೆದರೆ ಕುರ್ಚಿಗೆ ಕೈ ಕೊಡುತ್ತೇನೆ. ಕರೆಯದಿದ್ದರೆ ನನ್ನ ಮನೆಯ ಕಿಟಕಿ ಹಾಕಿಕೊಂಡು ಒಳಗೇ ಇರುತ್ತೇನೆ. ನೀನು ಇಳಿಯುವುದನ್ನು ನಿಂತು ನೋಡುವ ಹಕ್ಕು ನನಗಿಲ್ಲ.