ಜಾಕ್‌ವೆಲ್ ಸೋಮಪ್ಪ ರೆಗ್ಯುಲೇಟರ್ ಕೊಂಡದ್ದು

ಸೋಮಪ್ಪನವರನ್ನು ನಾನು ಮೊದಲು ನೋಡಲು ಹೋದಾಗ ಅವರು ನೀರಿನೊಳಗಿದ್ದರು. ನನಗೆ ಕಂಡದ್ದು ಒಂದು ಹಗ್ಗ, ಆ ಹಗ್ಗದ ತುದಿ ಹಿಡಿದು ಕುಳಿತಿದ್ದ ಅವರ ಹೆಂಡತಿ ಮಂಗಳವ್ವ, ಅಷ್ಟೇ. ಗುತ್ತಲದಿಂದ ಆಚೆ ತುಂಗಭದ್ರೆಯ ದಂಡೆಯಲ್ಲಿ ನಮ್ಮ ಕುಡಿಯುವ ನೀರಿನ ಯೋಜನೆಯ ಜಾಕ್‌ವೆಲ್ ಇದೆ. ಹೊಳೆಯ ನೀರನ್ನು ಒಳಕ್ಕೆ ಬಿಟ್ಟುಕೊಂಡು ಪಂಪಿನಿಂದ ಮೇಲೆತ್ತುವ, ಮೂವತ್ತೈದು ಅಡಿ ಆಳದ ಕಾಂಕ್ರೀಟ್ ಬಾವಿ ಅದು. ನಾನು ಅಲ್ಲಿಗೆ ಸಹಾಯಕ ಎಂಜಿನಿಯರ್ ಆಗಿ ವರ್ಗವಾಗಿ ಬಂದು ಒಂದು ವಾರವಾಗಿತ್ತು. ಪಂಪಿನ ಬುಡದ ಜಾಲರಿಗೆ ಹರಿದ ಸೀರೆ, ಪ್ಲಾಸ್ಟಿಕ್ ಚೀಲ, ಜೊಂಡು ಎಲ್ಲ ಸುತ್ತಿಕೊಂಡು ನೀರು ಏರುತ್ತಿರಲಿಲ್ಲ. ಅದನ್ನು ಬಿಡಿಸಲು ಸೋಮಪ್ಪ ಇಳಿದಿದ್ದರು.

ಪಂಪಿನ ಫ್ಯೂಜ್ ತೆಗೆದಿದ್ದೀರಾ ಎಂದು ಆಪರೇಟರನ್ನು ಕೇಳಿದೆ. ಅವನು ಮಂಗಳವ್ವನ ಕಡೆ ತೋರಿಸಿದ. ಮೂರು ಫ್ಯೂಜುಗಳೂ ಅವರ ಮಡಿಲಲ್ಲಿದ್ದವು.

“ಅವರು ಮ್ಯಾಲ ಬರೂತನಕ ಇವನ್ನ ಯಾರಿಗೂ ಕೊಡೂದಿಲ್ರಿ ಮೇಡಂ,” ಅಂದರು ಮಂಗಳವ್ವ. “ಹದಿನೆಂಟು ವರ್ಷ ಆತು, ಹಿಂಗ ನಡದೈತಿ.”

ಸೋಮಪ್ಪನದು ಗಳಗನಾಥದ ಹತ್ತಿರ ಹರಿಗೋಲು ಹಾಕುತ್ತಿದ್ದ ಅಂಬಿಗರ ಮನೆ. ಸೇತುವೆ ಬಂದ ಮೇಲೆ ಹರಿಗೋಲಿಗೆ ಜನ ಬರುವುದು ನಿಂತಿತು. ಆದರೆ ಹೊಳೆಯಲ್ಲಿ ಬಿದ್ದದ್ದನ್ನು ಎತ್ತಿಕೊಡಲು ಜನ ಕರೆಯುವುದು ನಿಲ್ಲಲಿಲ್ಲ. ರೈತರ ಪಂಪಿನ ಫುಟ್‌ವಾಲ್ವ್, ತೊಳೆಯುವಾಗ ಜಾರಿದ ಕೊಡ, ಒಮ್ಮೆ ಒಂದು ಬೈಕು. ಮುಳುಗಿದವರನ್ನು ಹುಡುಕಲು ಪೊಲೀಸರೂ ಫೋನ್ ಮಾಡುತ್ತಿದ್ದರು. ಹೆಣ ತೆಗೆದದ್ದಕ್ಕೆ ಸೋಮಪ್ಪ ಯಾರಿಂದಲೂ ಏನೂ ಇಸಿದುಕೊಳ್ಳುತ್ತಿರಲಿಲ್ಲ. ಆ ದಿನ ಮನೆಗೆ ಬಂದು ಸ್ನಾನ ಮಾಡಿ ಹಿತ್ತಲಲ್ಲಿ ಸುಮ್ಮನೆ ಕುಳಿತುಬಿಡುತ್ತಿದ್ದರು. ಮಾರನೆಯ ದಿನ ಎಂದಿನ ಹಾಗೆ ಮಾತು, ನಗು.

ಹೊಳೆಯಲ್ಲಾದರೆ ಅವರಿಗೆ ಒಂದು ಉಸಿರು ಸಾಕಾಗುತ್ತಿತ್ತು. ಜಾಕ್‌ವೆಲ್ ಕೆಲಸಕ್ಕೆ ಸಾಲದು. ಅಲ್ಲಿ ಕತ್ತಲಲ್ಲಿ ಕೈಯಿಂದ ತಡಕಿ ಒಂದೊಂದೇ ಎಳೆ ಬಿಡಿಸಬೇಕು. ಅದಕ್ಕಾಗಿ ಪಂಕ್ಚರ್ ಅಂಗಡಿಯ ಗಾಳಿ ಕಂಪ್ರೆಸರ್ ಒಂದನ್ನು ತಂದು, ಅದಕ್ಕೆ ಉದ್ದನೆಯ ಪೈಪು ಸಿಕ್ಕಿಸಿ, ಪೈಪಿನ ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಇಳಿಯುತ್ತಿದ್ದರು. ಅವತ್ತು ಅವರು ಮೇಲೆ ಬಂದಾಗ ಕಣ್ಣು ಕೆಂಪಗಾಗಿದ್ದವು. ಗೋಡೆಯ ಮಗ್ಗುಲಿಗೆ ಹೋಗಿ ವಾಂತಿ ಮಾಡಿಕೊಂಡರು.

“ಏನಿಲ್ರಿ,” ಅಂದರು ನನ್ನನ್ನು ನೋಡಿ. “ಗಾಳ್ಯಾಗ ಸ್ವಲ್ಪ ಎಣ್ಣಿ ವಾಸನಿ ಬರತೈತಿ. ತಾಸೊತ್ತಿಗೆ ಹೋಕ್ಕೈತಿ.”

ಟೈರಿಗೆ ತುಂಬುವ ಗಾಳಿ ಮನುಷ್ಯ ಉಸಿರಾಡುವ ಗಾಳಿಯಲ್ಲ ಎಂಬುದು ನನಗೆ ಗೊತ್ತಿತ್ತು. ನೀರಿಗಿಳಿದು ಕೆಲಸ ಮಾಡುವವರಿಗೆ ಸರಿಯಾದ ಉಸಿರಾಟದ ಸಾಧನ ಒದಗಿಸಬೇಕು ಎಂದು ಮೇಲಿನವರಿಗೆ ಒಂದು ಟಿಪ್ಪಣಿ ಬರೆದೆ. ‘ಗುತ್ತಿಗೆದಾರರೇ ನೋಡಿಕೊಳ್ಳತಕ್ಕದ್ದು’ ಎಂದು ತಿರುಗಿ ಬಂತು. ಗುತ್ತಿಗೆದಾರ ಅದು ಕೆಲಸದವನಿಗೆ ಬಿಟ್ಟದ್ದು ಅಂದ. ಹೀಗೆ ಆ ಕಾಗದ ಸುತ್ತಿ ಸುತ್ತಿ ಸೋಮಪ್ಪನ ಬಾಯಿಯ ಪೈಪಿಗೇ ಬಂದು ನಿಂತಿತು. ನಾನೂ ಅದನ್ನು ಅಲ್ಲಿಗೇ ಬಿಟ್ಟೆ.

ಆ ಮಳೆಗಾಲದಲ್ಲಿ ಸೋಮಪ್ಪ ಮೇಲೆ ಬಂದವರೇ ಕಟ್ಟೆಯ ಮೇಲೆ ಕುಸಿದುಬಿದ್ದರು. ನಮ್ಮ ಜೀಪಿನಲ್ಲೇ ಹಾವೇರಿಗೆ ಕರೆದೊಯ್ದೆವು. ಎರಡು ದಿನ ಆಕ್ಸಿಜನ್ ಕೊಟ್ಟ ವೈದ್ಯರು ಕಂಪ್ರೆಸರಿನ ಆ ಹೊಗೆಗಾಳಿಯನ್ನು ಇನ್ನೊಮ್ಮೆ ಕುಡಿದರೆ ಜೀವಕ್ಕೇ ಅಪಾಯ ಎಂದು ಹೇಳಿ ಕಳಿಸಿದರು. ಮಂಗಳವ್ವ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ತೀರ್ಮಾನ ಮಾಡಿದರು.

“ಬರೋಬರಿ ಸಾಮಾನು ತಂದು ಇಳೀರಿ. ಇಲ್ಲಂದ್ರ ಆ ಕೆಲಸಾನ ಬ್ಯಾಡ.”

ಬರೋಬರಿ ಸಾಮಾನು ಎಂದರೆ ಏನು, ಎಲ್ಲಿ ಸಿಗುತ್ತದೆ ಎಂದು ಹುಡುಕಿದವರು ಸಲಾವುದ್ದೀನ. ರಾಣೆಬೆನ್ನೂರಿನಲ್ಲಿ ಅವರದು ವೆಲ್ಡಿಂಗ್ ಸಾಮಾನು ರಿಪೇರಿಯ ಅಂಗಡಿ. ಸೋಮಪ್ಪನ ಪೈಪು, ಕ್ಲಾಂಪು ಎಲ್ಲ ಅಲ್ಲಿಯೇ ಆಗುತ್ತಿದ್ದವು. ಒಂದು ಹಳೆಯ ಗ್ಯಾಸ್ ರೆಗ್ಯುಲೇಟರನ್ನು ಮೇಜಿನ ಮೇಲಿಟ್ಟು ಅವರು ಸೋಮಪ್ಪನಿಗೂ ಜೊತೆಗೆ ಹೋಗಿದ್ದ ನನಗೂ ತಿಳಿಹೇಳಿದರು. ಸಿಲಿಂಡರಿನೊಳಗೆ ಗಾಳಿಯನ್ನು ವಿಪರೀತ ಒತ್ತಿ ತುಂಬಿರುತ್ತಾರೆ, ನೇರವಾಗಿ ಬಾಯಿಗೆ ಬಿಟ್ಟರೆ ಎದೆ ಒಡೆಯುತ್ತದೆ. ಸಿಲಿಂಡರಿನ ಕುತ್ತಿಗೆಯ ಮೇಲೆ ಕೂಡುವ ಒಂದು ಭಾಗ ಆ ಒತ್ತಡವನ್ನು ಇಳಿಸುತ್ತದೆ, ಬಾಯಿಯಲ್ಲಿರುವ ಇನ್ನೊಂದು ಭಾಗ ಉಸಿರು ಎಳೆದಾಗ ಎಳೆದಷ್ಟೇ ಗಾಳಿ ಕೊಡುತ್ತದೆ. ಎರಡೂ ಸೇರಿದ್ದೇ ರೆಗ್ಯುಲೇಟರ್.

“ಜೀವ ಇರೂದು ಇದರಾಗ, ಸೋಮಣ್ಣ. ಸಿಲಿಂಡರ್ ಬರೇ ಡಬ್ಬಿ.”

ಗೋವಾಕ್ಕೆ ಫೋನ್ ಮಾಡಿ ಹೊಸದರ ಬೆಲೆ ಕೇಳಿದರು. ಸೋಮಪ್ಪ ಕೇಳಿ ನಕ್ಕುಬಿಟ್ಟರು. ಅದು ಅವರ ಒಂದು ವರ್ಷದ ಜಾಕ್‌ವೆಲ್ ಕೆಲಸದ ಗಳಿಕೆಯಷ್ಟಿತ್ತು. ಹಳೆಯದು ಸಿಗುವುದಿಲ್ಲವೇ ಎಂದರು. ಸಲಾವುದ್ದೀನ ಅಲ್ಲಿ ಇಲ್ಲಿ ವಿಚಾರಿಸಿ, ಬ್ಯಾಡಗಿಯಲ್ಲಿ ಸುದೀಪ ಎಂಬವನ ಹತ್ತಿರ ಒಂದು ಪೂರ್ತಿ ಸೆಟ್ ಮಾರಾಟಕ್ಕಿದೆ ಎಂಬ ಸುದ್ದಿ ತಂದರು. ಬ್ಯಾಡಗಿಯಲ್ಲಿ ಸಮುದ್ರಕ್ಕಿಳಿಯುವ ಸಾಮಾನೇ ಎಂದು ನಾನೂ ಆಶ್ಚರ್ಯಪಟ್ಟು ಭಾನುವಾರ ಅವರಿಬ್ಬರ ಜೊತೆ ಹೊರಟೆ. ಸೋಮಪ್ಪನ ಮಗಳು ಅಂಜಲಿಯೂ ಬಂದಿದ್ದಳು. ಬಿ.ಎ. ಮುಗಿಸಿ ಗುತ್ತಲದ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ. ತಾಯಿಗೆ ಭುಜದ ನೋವು ಶುರುವಾದ ಮೇಲೆ ತಂದೆಯ ಹಗ್ಗ ಹಿಡಿಯುವವಳು ಅವಳೇ.

ಸುದೀಪ ಐದು ವರ್ಷ ಕರಾವಳಿಯಲ್ಲಿ ಪ್ರವಾಸಿಗರಿಗೆ ಡೈವಿಂಗ್ ಕಲಿಸಿ, ಈಗ ಮನೆತನದ ಕೋಲ್ಡ್ ಸ್ಟೋರೇಜ್ ನೋಡಿಕೊಳ್ಳಲು ಊರಿಗೆ ಮರಳಿದ್ದ. ಮೆಣಸಿನಕಾಯಿ ಚೀಲಗಳ ಸಾಲು ದಾಟಿ ಆಫೀಸಿನ ಕೋಣೆಗೆ ಹೋಗುವಷ್ಟರಲ್ಲಿ ನಮಗೆಲ್ಲ ಕೆಮ್ಮು. ಅವನು ಕಟ್ಟಿಗೆಯ ಪೆಟ್ಟಿಗೆ ತೆರೆದು ಎಲ್ಲವನ್ನೂ ಹೊರಗಿಟ್ಟ.

ಸಲಾವುದ್ದೀನ ಕನ್ನಡಕ ಏರಿಸಿದರು. ಸಿಲಿಂಡರಿಗೆ ಕೂಡುವ ತುದಿಯನ್ನು ಮುಚ್ಚಳದಿಂದ ಬಿಗಿದು, ಬಾಯಿಯ ಭಾಗವನ್ನು ಸೋಮಪ್ಪನ ಕೈಗೆ ಕೊಟ್ಟು ಎಳೆಯಲು ಹೇಳಿದರು. ಗಾಳಿ ಬರಲಿಲ್ಲ. ಬರಬಾರದು, ಬಂದರೆ ಒಳಗಿನ ರಬ್ಬರು ಹರಿದಿದೆ ಎಂದರ್ಥ. ಸೋಮಪ್ಪ ಮಾತ್ರ ತುಟಿ ಒರೆಸಿಕೊಳ್ಳತೊಡಗಿದರು.

“ಉರೀತೈತೇನ್ರಿ ಕಾಕಾ?” ಸುದೀಪ ನಕ್ಕ. “ಎರಡು ವರ್ಷ ಬ್ಯಾಡಗ್ಯಾಗ ಇದ್ದದ್ದಕ್ಕ ಅದಕ್ಕೂ ಘಾಟು ಹತ್ತೈತಿ.”

ಆಮೇಲೆ ಸಲಾವುದ್ದೀನ ಕೊಳವೆಯನ್ನು ಲೋಹ ಕೂಡುವ ಕಡೆ ಬಗ್ಗಿಸಿದರು. ಕೂದಲೆಳೆಯಷ್ಟು ಸಣ್ಣ ಬಿರುಕುಗಳು. ಮುಚ್ಚಳ ತೆಗೆದು ಟಾರ್ಚ್ ಬಿಟ್ಟರು. ಗಾಳಿ ಸೋಸುವ ಪುಟ್ಟ ಜಾಲರಿ ಹಸಿರುಗಟ್ಟಿತ್ತು.

“ಇದರಾಗ ನೀರು ಹೋಗೈತಿ,” ಅಂದರು.

ಸುದೀಪ ಮುಚ್ಚಿಡಲಿಲ್ಲ. “ಹೌದ್ರಿ. ತೊಳಿಯೂವಾಗ ಮುಚ್ಚಳ ಹಾಕೂದು ಮರತಿದ್ದೆ, ಉಪ್ಪುನೀರು ಒಳಗ ಹೋತು. ಸರ್ವಿಸ್ ಮಾಡಿಸಿ ಮೂರು ವರ್ಷ ಆತು. ಈ ಮಾಡಲ್ ಈಗ ಬರೂದಿಲ್ಲ, ಬಿಡಿಭಾಗ ಸಿಗೂದು ಕಷ್ಟ ಐತಿ. ಕಾಕಾ, ಸಿಲಿಂಡರ್ ತಗೋರಿ, ಹೋದ ವರ್ಷ ಪರೀಕ್ಷಾ ಮಾಡಿಸಿದ ಮುದ್ರಿ ಅದರ ಮ್ಯಾಲ ಐತಿ. ಬೆನ್ನಿನ ಜಾಕೆಟ್ ತಗೋರಿ, ಮುಖವಾಡ ತಗೋರಿ. ಅವೆಲ್ಲ ಹಳೇವು ನಡೀತಾವು. ರೆಗ್ಯುಲೇಟರ್ ಮಾತ್ರ ಹೊಸಾದು ತರ್ರಿ. ಹಳೇದನ್ನೂ ತಗೋಬಹುದು, ಅದರ ಸರ್ವಿಸ್ ಚೀಟಿ ಇರಬೇಕು, ಬಿಡಿಭಾಗ ಸಿಗಬೇಕು. ಇದಕ್ಕ ಎರಡೂ ಇಲ್ಲ.”

ಮಾರುವವನೇ ಬೇಡ ಅನ್ನುತ್ತಿದ್ದಾನೆ. ಸೋಮಪ್ಪ ಮಾತ್ರ ಅದನ್ನು ಕೈಯಿಂದ ಕೆಳಗಿಡಲಿಲ್ಲ. “ಎಳದ್ರ ಬರೋಬರಿ ಐತೆಲ್ಲ,” ಅಂದರು. ಪಂಕ್ಚರ್ ಕಂಪ್ರೆಸರಿನ ಗಾಳಿ ಕುಡಿದ ಮನುಷ್ಯನಿಗೆ ಅದು ಬಂಗಾರದ ಹಾಗೆ ಕಂಡಿರಬೇಕು. ಪೂರ್ತಿ ಸೆಟ್ ಅವರ ಜೊತೆಗೇ ಬಂತು. ಸುದೀಪ ರೆಗ್ಯುಲೇಟರಿಗೆ ಬೆಲೆ ಹಾಕಲಿಲ್ಲ. ಸರ್ವಿಸ್ ಮಾಡಿಸದೆ ಆಳಕ್ಕೆ ಒಯ್ಯಬೇಡಿ ಎಂದು ಎರಡು ಸಲ ಹೇಳಿದ.

ಸಲಾವುದ್ದೀನ ಸಿಲಿಂಡರಿಗೆ ಉಸಿರಾಡುವ ಶುದ್ಧ ಗಾಳಿ ತುಂಬಿಸಿಕೊಂಡು ಬಂದು, ಕೊಳವೆ ಬದಲಿಸಿದರು. ಜಾಲರಿ ತೆಗೆದು ತಮಗೆ ತಿಳಿದಂತೆ ತೊಳೆದರು. ಬಿಡಿಭಾಗದ ಕಿಟ್ ಎಲ್ಲಿಯೂ ಸಿಗಲಿಲ್ಲ. ಸೋಮಪ್ಪ ಊರ ಹತ್ತಿರದ ಒಂದು ಕೃಷಿಹೊಂಡದಲ್ಲಿ ಅದನ್ನು ಹಾಕಿಕೊಂಡು ಮುಳುಗಿ ನೋಡಿದರು, ಚೆನ್ನಾಗಿತ್ತು. ಜಾಕ್‌ವೆಲ್‌ನಲ್ಲಿ ಒಂದು ಕೆಲಸ ಮುಗಿಸಿದರು, ಚೆನ್ನಾಗಿತ್ತು. ತಲೆನೋವಿಲ್ಲ, ಓಕರಿಕೆಯಿಲ್ಲ. ಇನ್ನೊಂದು ಕೆಲಸವನ್ನೂ ಮುಗಿಸಿ ಮೇಲೆ ಬಂದವರು ಅವತ್ತು ಮಾತಾಡದೆ ಸಾಮಾನು ತೊಳೆದಿಟ್ಟರು. ದಣಿದಿರಬೇಕು ಎಂದುಕೊಂಡೆ.

ನನಗೂ ಈಜು ಬರುತ್ತದೆ, ಹಗ್ಗ ಹಿಡಿದು ಕುಳಿತದ್ದು ಸಾಕು, ಕಲಿಸು ಎಂದು ಅಂಜಲಿ ಅಪ್ಪನ ಬೆನ್ನು ಹತ್ತಿದ್ದಳು. ಸೋಮಪ್ಪ ತಿಂಗಳುಗಟ್ಟಲೆ ತಳ್ಳಿಹಾಕಿ ಕೊನೆಗೆ ಒಪ್ಪಿಕೊಂಡರು. ಒಂದು ಬೆಳಿಗ್ಗೆ ಅದೇ ಹೊಂಡದ ದಂಡೆಯಲ್ಲಿ ಎಲ್ಲರೂ ಸೇರಿದೆವು. ಮಂಗಳವ್ವ ಅವಲಕ್ಕಿ ಕಟ್ಟಿಕೊಂಡು ಬಂದಿದ್ದರು. ಅಂಜಲಿ ಜಾಕೆಟ್ ಬಿಗಿದುಕೊಂಡು ನಡುಮಟ್ಟ ನೀರಿಗೆ ಇಳಿದಳು. ರೆಗ್ಯುಲೇಟರ್ ಬಾಯಿಗಿಟ್ಟುಕೊಂಡಳು. ಎರಡು ಉಸಿರು ಎಳೆದು ಅಪ್ಪನ ಕಡೆ ನೋಡಿ ಹೆಬ್ಬೆರಳು ತೋರಿಸಿದಳು. ಇನ್ನೇನು ಮುಳುಗಬೇಕು, ಸೋಮಪ್ಪ ಕೈ ಚಾಚಿ ಅದನ್ನು ಅವಳ ಬಾಯಿಂದ ಕಿತ್ತುಕೊಂಡರು.

“ಬ್ಯಾಡ. ಮ್ಯಾಲ ಬಾ.”

“ಯಾಕಪ್ಪಾ? ಗಾಳಿ ಬರಾಕತ್ತೈತೆಲ್ಲ.”

“ಬಾ ಅಂದ್ನೆಲ್ಲ.”

ಅವಳು ಸಿಟ್ಟಿನಿಂದ ದಂಡೆ ಹತ್ತಿ ಕುಳಿತಳು. ಮಂಗಳವ್ವ ಗಂಡನ ಮುಖವನ್ನೇ ನೋಡುತ್ತಿದ್ದರು. “ಏನಾಗೇತ್ರಿ?” ಎಂದು ಕೇಳಿದರು.

ಸೋಮಪ್ಪ ನೀರಿನಲ್ಲಿ ನಿಂತೇ ಹೇಳಿದರು. ಹಿಂದಿನ ಕೆಲಸದಲ್ಲಿ, ತಳ ಮುಟ್ಟಿದ ಮೇಲೆ, ಉಸಿರು ಎಳೆದರೆ ಗಾಳಿ ತಡವಾಗಿ ಬರತೊಡಗಿತ್ತು. ಗಂಜಿಯನ್ನು ಕೊಳವೆಯಲ್ಲಿ ಹೀರಿದ ಹಾಗೆ. ಒಮ್ಮೆ ಎಳೆದಾಗ ಬರಲೇ ಇಲ್ಲ. ತಮ್ಮ ಉಸಿರು ಹಿಡಿದುಕೊಂಡು, ಕೈಯಲ್ಲಿದ್ದ ಸೀರೆಯ ಎಳೆಯನ್ನು ಬಿಡಿಸಿ, ಮತ್ತೆ ಉಸಿರೆಳೆದಾಗ ಗಾಳಿ ಬಂತು.

“ನನಗೇನು, ಉಸುರು ಹಿಡಿಯೂದು ರೂಢಿ ಐತಿ. ನಡೀತೈತಿ ಅಂತ ಬಿಟ್ಟೆ. ಈಕಿಗೆ ಹೆಂಗ ಕೊಡಾಕ ಬರತೈತಿ?”

ಮಂಗಳವ್ವ ಅವಲಕ್ಕಿಯ ಗಂಟನ್ನು ಪಕ್ಕಕ್ಕಿಟ್ಟರು. ಆಮೇಲೆ ಸಣ್ಣ ದನಿಯಲ್ಲೇ ಕೇಳಿದರು. “ಆಕಿ ಜೀವಕ್ಕ ಅದು ನಡಿಯೂದಿಲ್ಲ, ನಿಮ್ಮ ಜೀವಕ್ಕ ನಡೀತೈತಿ. ಹಂಗಾರ ನಿಮ್ಮದೇನು ಸೆಕೆಂಡ್ ಹ್ಯಾಂಡ್ ಜೀವಾ ಏನ್ರಿ?”

ಅಂಜಲಿಯ ಸಿಟ್ಟು ಅಷ್ಟರಲ್ಲಿ ಎಲ್ಲೋ ಹೋಗಿತ್ತು. ಎದ್ದು ಹೋಗಿ ಅಪ್ಪನ ಕೈಹಿಡಿದು ಅವರನ್ನು ಮೇಲೆ ಎಳೆದುಕೊಂಡಳು. ನನಗೆ ಅವರ ಮುಖ ನೋಡಲಾಗಲಿಲ್ಲ. ಗಾಳಿ ಕೈಕೊಟ್ಟ ಆ ದಿನ ಜಾಕ್‌ವೆಲ್ ಕಟ್ಟೆಯ ಮೇಲೆ ನಾನೂ ಇದ್ದೆ. ನೀರು ಏರಿತು ಎಂದು ಆಫೀಸಿಗೆ ಖುಷಿಯಿಂದ ಫೋನ್ ಮಾಡಿದವಳು ನಾನೇ.

ಮನೆಯ ಪಡಸಾಲೆಯ ಹಂಚು ಇಳಿಸಿ ಸ್ಲ್ಯಾಬ್ ಹಾಕಿಸಲು ಅವರು ಕೂಡಿಟ್ಟದ್ದಿತ್ತು. ಆ ವರ್ಷ ಸ್ಲ್ಯಾಬ್ ಬೀಳಲಿಲ್ಲ. ಗೋವಾದಿಂದ ಹೊಸ ರೆಗ್ಯುಲೇಟರ್ ಬಂತು, ಜೊತೆಗೆ ಒಂದು ಪುಸ್ತಕ. ಪ್ರತಿ ವರ್ಷ ಸರ್ವಿಸ್ ಮಾಡಿಸಿದ ಮುದ್ರೆ ಬೀಳಬೇಕಾದ ಖಾಲಿ ಪುಟಗಳು ಅದರಲ್ಲಿದ್ದವು. ಮುಂದಿನ ಟೆಂಡರಿಗೆ ಅಂದಾಜುಪಟ್ಟಿ ಬರೆಯುವಾಗ ನಾನು ನೀರಿಗಿಳಿಯುವವರ ಸಾಧನ ಮತ್ತು ಅದರ ಸರ್ವಿಸಿಗೆ ಪ್ರತ್ಯೇಕ ಸಾಲು ಸೇರಿಸಿದೆ. ಮೇಲಿನವರು ಎರಡು ಸಲ ಹೊಡೆದುಹಾಕಿದರು. ಮೂರನೇ ಸಲ ಸೋಮಪ್ಪನ ಆಸ್ಪತ್ರೆಯ ಕಾಗದ ಲಗತ್ತಿಸಿ ಕಳಿಸಿದೆ, ಉಳಿಯಿತು.

ಈ ಸಲ ಕಲಿಸದೆ ಬಿಡುವುದಿಲ್ಲ ಎಂದು ಸುದೀಪ ಪಟ್ಟು ಹಿಡಿದ. ಬ್ಯಾಡಗಿಯ ಹತ್ತಿರದ ಅವರ ತೋಟದ ಹೊಂಡದಲ್ಲಿ ಅಪ್ಪ ಮಗಳಿಬ್ಬರಿಗೂ ಪಾಠವಾಯಿತು. ಅಂಜಲಿ ನಾಲ್ಕು ದಿನದಲ್ಲಿ ಕಲಿತಳು. ಸೋಮಪ್ಪನಿಗೆ ಹದಿನೈದು ದಿನ ಬೇಕಾಯಿತು. ಸಿಲಿಂಡರ್ ಹಾಕಿಕೊಂಡು ಮೇಲೆ ಬರುವಾಗ ಉಸಿರು ಹಿಡಿಯಲೇಬಾರದು, ಹಿಡಿದರೆ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯುತ್ತದೆ. ಎಂಟನೇ ವಯಸ್ಸಿನಿಂದ ನೀರಿನಲ್ಲಿ ಉಸಿರು ಹಿಡಿದೇ ಬದುಕಿದ ಮನುಷ್ಯ ಅವರು. ನೀರು ತಲೆ ದಾಟಿದ ಕೂಡಲೇ ಎದೆ ತಾನಾಗಿಯೇ ಬಾಗಿಲು ಹಾಕಿಕೊಳ್ಳುತ್ತಿತ್ತು.

“ಕಾಕಾ, ಹಾಡ್ರಿ,” ಅಂದ ಸುದೀಪ ಕೊನೆಗೆ. “ಮ್ಯಾಲ ಬರೂವಾಗ ಒಳಗೊಳಗ ಊಂ ಅಂತ ಗುನುಗಕೋತ ಬರ್ರಿ. ಗುನುಗೂವಾಗ ಉಸುರು ಹಿಡಿಯಾಕ ಆಗೂದಿಲ್ಲ.”

ಸೋಮಪ್ಪ ನಾಚಿಕೊಂಡರು. ಆದರೆ ಕಲಿತರು.

ಕಳೆದ ಏಪ್ರಿಲ್‌ನಲ್ಲಿ, ಬಿಸಿಲು ಜೋರಾಗಿದ್ದ ವಾರ, ಜಾಕ್‌ವೆಲ್ ಮತ್ತೆ ಕಟ್ಟಿಕೊಂಡಿತು. ಇಪ್ಪತ್ತು ಹಳ್ಳಿಗೆ ನೀರಿಲ್ಲ. ನನ್ನ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಸೋಮಪ್ಪನಿಗೆ ಫೋನ್ ಹಚ್ಚಿದೆ.

“ರೆಗ್ಯುಲೇಟರ್ ಸರ್ವಿಸಿಗೆ ಹೋಗೈತ್ರಿ ಮೇಡಂ. ಬರಾಕ ಇನ್ನ ನಾಕು ದಿನ ಬೇಕು.”

ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯಲೇಬೇಕು. “ಹಳೆಯದು ಇದೆಯಲ್ಲ, ಸೋಮಪ್ಪ? ಒಂದು ಅರ್ಧ ಗಂಟೆಯ ಕೆಲಸ.”

ಆ ಕಡೆ ಸದ್ದಿಲ್ಲ. ಅವರು ಇಲ್ಲ ಅನ್ನುವ ರೂಢಿಯವರಲ್ಲ. ಆ ಮೌನದಲ್ಲಿ ನನಗೆ ನನ್ನ ಮಾತು ಕೇಳಿಸಿತು. ಬೇಡ ಎಂದು ನಾನು ಹೇಳುವಷ್ಟರಲ್ಲಿ ಅವರೇ ಮಾತಾಡಿದರು.

“ಆಗೂದಿಲ್ರಿ ಮೇಡಂ. ನಾಕು ದಿನ ಟ್ಯಾಂಕರ್ ಬಿಡ್ರಿ.”

ಟ್ಯಾಂಕರ್ ಬಿಟ್ಟೆವು. ಸರದಿಯಲ್ಲಿ ನಿಂತ ಜನ ಬೈದರು, ಒಬ್ಬರು ನಮ್ಮ ಆಫೀಸಿನ ಮುಂದೆ ಖಾಲಿ ಕೊಡ ಇಟ್ಟು ಕುಳಿತರು. ಐದನೇ ದಿನ ಬೆಳಿಗ್ಗೆ ಅಪ್ಪ ಮಗಳು ಪಾರ್ಸೆಲ್ ಡಬ್ಬಿಯ ಸಮೇತ ಬಂದರು. ಹೊಸ ಮುದ್ರೆ ಬಿದ್ದ ಪುಟವನ್ನು ಅಂಜಲಿ ನನಗೆ ತೋರಿಸಿದಳು. ಅವತ್ತು ಮೊದಲು ಇಳಿದವಳು ಅವಳು. ಕಟ್ಟೆಯ ಮೇಲೆ ಹಗ್ಗ ಹಿಡಿದು ಕುಳಿತ ಸೋಮಪ್ಪ ಗುಳ್ಳೆ ಏಳುವ ಜಾಗದಿಂದ ಕಣ್ಣು ತೆಗೆಯಲಿಲ್ಲ, ನಾನು ಕೊಟ್ಟ ಚಹಾ ಆರಿಹೋಯಿತು.