ಗ್ರೇಸಕ್ಕ ತಿದ್ದಿದ ಹಾಳೆ

ನಮ್ಮ ತಗಡಿನ ಶೆಡ್ಡಿನೊಳಗೆ ಬರಬೇಕಾದರೆ ಗ್ರೇಸಕ್ಕ ಸೊಂಟದಿಂದ ಬಗ್ಗಬೇಕಿತ್ತು; ಅಷ್ಟು ಎತ್ತರ. ಬೂಟು ಹೊರಗೆ ಬಿಟ್ಟು, ನೆಲದ ಮೇಲೆ ಕುಳಿತು, ಮೊದಲು ಕೇಳುತ್ತಿದ್ದುದು ಒಂದೇ: “ಕುಡ್ಯಾಕ ನೀರ್ ಕೊಡ್ರಿ ಅಕ್ಕಾ.” ಪುಣೆಯ ಕೊಂಢವಾದಲ್ಲಿ ನಮ್ಮ ಕೈಯ ನೀರು ಕೇಳಿ ಕುಡಿದ ಹೊರಗಿನವರನ್ನು ನಾನು ಬೇರೆ ಕಂಡಿಲ್ಲ.

ಮಕ್ಕಳೇ, ಅವರು ಆಫ್ರಿಕಾದ ದಕ್ಷಿಣದವರು. ಸಮಾಜಸೇವೆ ಕಲಿಯಲು ಪುಣೆಗೆ ಬಂದಿದ್ದರು. ಕೂಲಿ ಹೆಂಗಸರ ನಡುವೆ ಕೂತು ಕಲಿತ ಕನ್ನಡ. ನಮ್ಮ ಯಾದಗಿರಿಯವರ ಹಾಗೇ ಮಾತು.

ನಿಮ್ಮ ಅಜ್ಜ ಕಟ್ಟಡದಿಂದ ಬಿದ್ದು ತೀರಿಕೊಂಡ ವರ್ಷ, ನಿಮ್ಮ ಅವ್ವನನ್ನು ಶಾಲೆಗೆ ಸೇರಿಸಲು ಗ್ರೇಸಕ್ಕ ಅರ್ಜಿಯ ಹಾಳೆ ತುಂಬತೊಡಗಿದರು.

“ನಿಮ್ಮ ಗಂಡನ ಹೆಸರೇನ್ರಿ?”

ನಾನು ಗೋಡೆ ನೋಡಿದೆ. ಹೆಂಡತಿ ಗಂಡನ ಹೆಸರು ಹೇಳಬಾರದು. ನಮ್ಮಲ್ಲಿ ಪಕ್ಕದವರು ಹೇಳಿಬಿಡುತ್ತಾರೆ. ಅಂದು ಪಕ್ಕದವರೆಲ್ಲ ಕೆಲಸಕ್ಕೆ ಹೋಗಿದ್ದರು. ಗ್ರೇಸಕ್ಕ ಮತ್ತೆ ಕೇಳಿದರು, ಕಾದರು, ಕೊನೆಗೆ ಇಂಗ್ಲಿಷಿನಲ್ಲಿ ‘ಗೊತ್ತಿಲ್ಲ’ ಎಂದು ಬರೆದರು.

ಶಾಲೆಯ ಗುಮಾಸ್ತ ಅದನ್ನು ಓದಿ, ಸಾಲಿನಲ್ಲಿದ್ದವರ ಕಡೆ ತಿರುಗಿ ಮರಾಠಿಯಲ್ಲಿ ನಕ್ಕ: “ಬಾಪಾಚಂ ನಾವಚ್ ಮಾಹೀತ್ ನಾಹೀ!” ಅಪ್ಪನ ಹೆಸರೇ ಗೊತ್ತಿಲ್ಲವಂತೆ! ಹಾಳೆ ವಾಪಸು ಎಸೆದ. ನಿಮ್ಮ ಅವ್ವನ ಕೈ ಹಿಡಿದುಕೊಂಡು ಬಂದುಬಿಟ್ಟೆ.

ನಾನು ಯಾಕೆ ಸುಮ್ಮನಿದ್ದೆನೆಂದು ಪಕ್ಕದವರಿಂದ ತಿಳಿದಾಗ ಗ್ರೇಸಕ್ಕ ಹಣೆ ಬಡಿದುಕೊಂಡರು. “ನಮ್ಮೂರಾಗೂ ಸೊಸಿ ಮಾವನ ಹೆಸರು ಹೇಳಂಗಿಲ್ರಿ, ನಾನೂ ನಮ್ಮ ಮಾವಂದು ಇನ್ನಾ ಹೇಳಿಲ್ಲ. ನನಗ ತಿಳೀಬೇಕಿತ್ತು. ತಪ್ಪು ನಂದ ಅದ.”

“ಹಂಗಾರ ನೀವ ಸಾಲಿಗೆ ಬಂದು ಹೇಳ್ರಿ,” ಎಂದೆ.

“ತಪ್ಪು ನಂದಂತ ಹೇಳ್ತೀನ್ರಿ. ಹೆಸರು ಮಾತ್ರ ನೀವ ಕೊಡಬೇಕು. ನಾಕನೇ ಇಯತ್ತೆ ತನಕ ಸಾಲಿ ಓದೀರಲ್ಲ, ಬಾಯಿಲೆ ಬ್ಯಾಡಂದ್ರ ಬರದು ಕೊಡ್ರಿ.”

ಮರುದಿನ ಅವರು ತಪ್ಪು ಒಪ್ಪಿಕೊಂಡರೂ ಗುಮಾಸ್ತ ಬಿಡಲಿಲ್ಲ. ಇವತ್ತಾದರೂ ಅಪ್ಪ ಸಿಕ್ಕನೇ ಎಂದು ಕೆಣಕಿದ. ಗ್ರೇಸಕ್ಕ ನನ್ನ ಕೈಗೆ ಪೆನ್ನು ಕೊಟ್ಟರು. ನಾನು ಅದನ್ನು ಅವನ ಮುಂದಿಟ್ಟೆ.

“ಶರಣಪ್ಪ! ಲಿಹಾ! ಬರಕೋ!”

ನನ್ನ ಧ್ವನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಅವನು ದಾಖಲೆ ಪುಸ್ತಕದಲ್ಲಿ ಬರೆದುಕೊಂಡ. ಗ್ರೇಸಕ್ಕ ಬಗ್ಗಿ, ಅಕ್ಷರ ಅಕ್ಷರ ನೋಡಿ, ತಾವು ತುಂಬಿದ್ದ ಹಾಳೆಯಲ್ಲಿ ‘ಗೊತ್ತಿಲ್ಲ’ವನ್ನು ಹೊಡೆದುಹಾಕಿ ಅದೇ ಹೆಸರು ಬರೆದರು.

ಸುದ್ದಿ ಕೇಳಿ ಶೆಡ್ಡಿನಲ್ಲಿ ಒಬ್ಬ ಮುದುಕಿ ಬೈದಳು: “ಗಂಡನ ಹೆಸರು ತಗೊಂಡಿ, ನಾಲಿಗಿಗೆ ಹುಳ ಬೀಳ್ತಾವ!”

“ಬೀಳ್ಲಿ ಬಿಡ್ರಿ ಆಯಿ, ನಾ ಆರಿಸಿ ತೆಗೀತೀನಿ,” ಎಂದರು ಗ್ರೇಸಕ್ಕ.

ಓದು ಮುಗಿದು ಊರಿಗೆ ಹೊರಟ ದಿನವೂ ಬಗ್ಗಿ ಒಳಗೆ ಬಂದು ನೀರು ಕುಡಿದರು. “ನಾ ಅಂತೂ ಹೇಳಿದೆ. ನೀವು ನಿಮ್ಮ ಮಾವನ ಹೆಸರು ಯಾವಾಗ ಹೇಳ್ತೀರಿ?” ಎಂದು ಕೆಣಕಿದೆ. ನಕ್ಕರು. ಆಮೇಲೆ ನನ್ನ ಕಿವಿಯ ಹತ್ತಿರ ಬಾಯಿ ತಂದು, ಹೇಳಿಯೇಬಿಟ್ಟರು.

ಮತ್ತೆ ಅವರನ್ನು ನೋಡಲಿಲ್ಲ. ಆ ಹೆಸರನ್ನು ಯಾರಿಗೂ ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ, ಅದು ಅವರದು. ನನ್ನದನ್ನು ಬರೆಯುತ್ತೇನೆ. ನಿಮ್ಮ ಅಜ್ಜನ ಹೆಸರು ಶರಣಪ್ಪ.