ಬೆಳಕಿಗೆ ಅಡ್ಡ

ಪಾರ್ಕ್‌ಲ್ಯಾಂಡ್ಸ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಭೂಗೋಳದ ಟೀಚರ್ ಒಮ್ಮೆ ರಜೆಗೆ ಮೆಡಿಟರೇನಿಯನ್ ಕಡಲತೀರದ ಹಳೆಯ ಕೋಟೆಯೂರಿಗೆ ಹೋಗಿಬಂದರು. ಆಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ಕಿಟಕಿಗೆ ಕಂಬಳಿ ಕಟ್ಟಿ ನಮಗೆಲ್ಲ ಪ್ರೊಜೆಕ್ಟರ್‌ನಲ್ಲಿ ಅಲ್ಲಿನ ಸ್ಲೈಡ್ ತೋರಿಸುತ್ತಿದ್ದರು. ತಡವಾಗಿ ಬರುವವರಿಗೆಂದು ಬಾಗಿಲು ತೆರೆದೇ ಇರುತ್ತಿತ್ತು. ಯಾರು ಎದ್ದರೂ "ಅಡ್ಡ ನಿಲ್ಲಬೇಡಿ" ಎನ್ನುತ್ತಿದ್ದರು.

ಒಂದು ಭಾನುವಾರ ಮಚ್ಚು ಹಿಡಿದ ಮೂವರು ಒಳಗೆ ಬಂದರು. ಅವರ ನೆರಳು ಪರದೆಯ ಕೋಟೆಯ ಮೇಲೆ ಬಿತ್ತು.

"ಅಡ್ಡ ನಿಲ್ಲಬೇಡಿ," ಎಂದರು ಟೀಚರ್, ಆ ಊರಿನ ಸ್ವಾಹಿಲಿ ಭಾಷೆಯಲ್ಲಿ.

ಒಬ್ಬ ನನ್ನ ಪಕ್ಕ ಕೂತು, ಮಚ್ಚನ್ನು ನನ್ನ ಕುತ್ತಿಗೆಗಿಟ್ಟ. ಅದರ ತಣ್ಣಗಿನ ಅಂಚು ಈಗಲೂ ಅಲ್ಲೇ ಇದೆ.

"ಇಷ್ಟು ದಪ್ಪ ಗೋಡೆ ಯಾಕೆ?" ಎಂದು ಪರದೆ ನೋಡುತ್ತ ಕೇಳಿದ.

"ಕಡಲ್ಗಳ್ಳರು ಬರ್ತಿದ್ರು."

"ಆಮೇಲೆ ಬರೋದು ನಿಲ್ಲಿಸಿದ್ರಾ?"

"ಇಲ್ಲ," ಎಂದರು ಟೀಚರ್.

ಆ ಮೂವರು ಪ್ರೊಜೆಕ್ಟರ್ ಹೊತ್ತುಕೊಂಡು ಹೋದರು.

ಮುಂದಿನ ಭಾನುವಾರ ಟೀಚರ್ ಕಂಬಳಿ ಬಿಚ್ಚಿ, ಸ್ಲೈಡುಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದರು. ಬಾಗಿಲು ತೆರೆದೇ ಇತ್ತು. ನಾನು ಅದಕ್ಕೆ ಅಡ್ಡ ನಿಂತೆ. ಅವರು "ಅಡ್ಡ ನಿಲ್ಲಬೇಡಿ" ಎನ್ನದೆ ಮುಂದಿನ ಸ್ಲೈಡ್ ಎತ್ತಿಕೊಂಡರು.